ಸಾಯುವವರ ಪಟ್ಟಿ ಸಿದ್ಧವಿದೆ

ಕತೆಯ ಕೊನೆಯನ್ನು ಯಾರಾದರೂ ಬಾಯಿಬಿಟ್ಟರೆ ಜಗಳಕ್ಕೆ ನಿಲ್ಲುವವರು ಯಾರು? ಅಭಿಮಾನಿಗಳು. ಆ ಕೊನೆ ಏನಿರಬಹುದು ಅಂತ ಊಟ ನಿದ್ದೆ ಬಿಟ್ಟು ಲೆಕ್ಕ ಹಾಕುವವರು ಯಾರು? ಅವರೇ. ‘ಸ್ಪಾಯ್ಲರ್ ಹೇಳಿದರೆ ಸ್ನೇಹ ಕಟ್’ ಅನ್ನುವವನ ಜೇಬಿನಲ್ಲೇ ಸಾಯುವವರ ಪಟ್ಟಿ ಇರುತ್ತದೆ. ಅವನಿಗೆ ಮೊದಲೇ ಗೊತ್ತಾಗಬಾರದು. ಆದರೆ ಮೊದಲೇ ಗೊತ್ತಿತ್ತು ಅನ್ನಿಸಿಕೊಳ್ಳಬೇಕು.

‘ಗೇಮ್ ಆಫ್ ಥ್ರೋನ್ಸ್’ ಮುಗಿದು ಇಷ್ಟು ವರ್ಷವಾದರೂ ಈ ಜ್ವರ ಇಳಿದಿಲ್ಲ. ಅದನ್ನು ನೋಡದೆ ನೆಮ್ಮದಿಯಾಗಿರುವವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಏಳು ರಾಜ್ಯ, ಒಂದು ಕಬ್ಬಿಣದ ಕುರ್ಚಿ, ಆ ಕುರ್ಚಿಗಾಗಿ ಮನೆತನಗಳ ಕಚ್ಚಾಟ, ಮೂರು ಡ್ರ್ಯಾಗನ್, ಉತ್ತರದಿಂದ ಹಿಮ ತುಳಿದು ಬರುತ್ತಿರುವ ಹೆಣಗಳ ಸೈನ್ಯ. ಡ್ರ್ಯಾಗನ್ ಬಿಟ್ಟರೆ ವಿಧಾನಸೌಧ ನೋಡಿದವರಿಗೆ ಇದರಲ್ಲಿ ಹೊಸದೇನಿಲ್ಲ. ಅಮೆರಿಕದ ಎಚ್‌ಬಿಒ ಚಾನೆಲ್ 2011ರ ಏಪ್ರಿಲ್‌ನಲ್ಲಿ ಶುರುಮಾಡಿ 2019ರ ಮೇ 19ಕ್ಕೆ ಮುಗಿಸಿತು. ಎಂಟು ಸೀಸನ್, 73 ಕಂತು.

ಏಳನೇ ಸೀಸನ್ ಮುಗಿದದ್ದು 2017ರ ಆಗಸ್ಟ್‌ನಲ್ಲಿ. ಎಂಟನೆಯದು ಬಂದದ್ದು 2019ರ ಏಪ್ರಿಲ್‌ನಲ್ಲಿ. ನಡುವೆ ಒಂದೂವರೆ ವರ್ಷಕ್ಕೂ ಹೆಚ್ಚು ಬಿಡುವು. ಖಾಲಿ ಕೂತವರಿಗೆ ಕೆಲಸ ಬೇಕಲ್ಲ. ಯಾರು ಸಾಯುತ್ತಾರೆ, ಯಾವ ಕಂತಿನಲ್ಲಿ ಸಾಯುತ್ತಾರೆ, ಯಾರ ಕೈಯಿಂದ ಸಾಯುತ್ತಾರೆ. ಅರ್ಧ ಜಗತ್ತು ಈ ಪಂಚಾಂಗ ಬಿಚ್ಚಿಕೊಂಡು ಕೂತಿತು.

ಚಟ ಹತ್ತಿಸಿದ್ದು ಒಂದು ತಲೆ. ಮೊದಲ ಸೀಸನ್ನಿನ ಒಂಬತ್ತನೇ ಕಂತಿನಲ್ಲಿ ನೆಡ್ ಸ್ಟಾರ್ಕ್‌ನ ತಲೆ ಕಡಿದರು. ಪೋಸ್ಟರಿನಲ್ಲಿ ಕುರ್ಚಿಯ ಮೇಲೆ ಕೂತಿದ್ದವನು ಅವನೇ. ಹೀರೋ ಅಂತ ನಂಬಿದವನನ್ನು ಮೊದಲ ಸೀಸನ್‌ನಲ್ಲೇ ಮುಗಿಸಿಬಿಟ್ಟರು. ನೋಡುಗರಿಗೆ ಸಿಡಿಲು. ಪುಸ್ತಕ ಓದಿದ್ದವರಿಗೆ 1996ರಿಂದಲೇ ಗೊತ್ತಿದ್ದ ಸುದ್ದಿ.

ಈ ಓದಿದವರ ಸಜ್ಜನಿಕೆಯನ್ನೂ ಸ್ವಲ್ಪ ನೋಡಿ. 2013ರ ಜೂನ್‌ನಲ್ಲಿ ‘ಕೆಂಪು ಮದುವೆ’ ಕಂತು ಬಂತು. ಮದುವೆ ಮನೆಯಲ್ಲಿ ಬಾಗಿಲು ಹಾಕಿ ನೆಂಟರನ್ನು ಕೊಲ್ಲುವ ಕತೆ. ಬಸುರಿಯ ಹೊಟ್ಟೆಗೆ ಚೂರಿ, ಮಗನಿಗೆ ಚೂರಿ, ತಾಯಿಯ ಕುತ್ತಿಗೆಗೆ ಚೂರಿ. ಓದಿದವರು ಈ ಗುಟ್ಟನ್ನು ವರ್ಷಗಟ್ಟಲೆ ಕಾಪಾಡಿದ್ದರು. ಯಾಕೆ ಅಂತೀರಿ? ಗೆಳೆಯರನ್ನು ಸೋಫಾದಲ್ಲಿ ಸಾಲಾಗಿ ಕೂರಿಸಿ, ಎದುರಿಗೆ ಕ್ಯಾಮೆರಾ ಬಚ್ಚಿಟ್ಟು, ಅವರು ಅಳುವುದನ್ನು ಚಿತ್ರೀಕರಿಸಲು. ಆ ವಿಡಿಯೊಗಳನ್ನು ಯೂಟ್ಯೂಬ್‌ಗೆ ಹಾಕಿದರು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕುತ್ತಿದ್ದಾಳೆ, ಗಂಡ ಕ್ಯಾಮೆರಾ ಹಿಂದೆ ಕಿಸಿಕಿಸಿ ನಗುತ್ತಿದ್ದಾನೆ. ಇದನ್ನು ಸಾಹಿತ್ಯ ಪ್ರೀತಿ ಅನ್ನಬೇಕಂತೆ.

ಆಮೇಲೆ ಜಾನ್ ಸ್ನೋ. 2015ರ ಜೂನ್‌ನಲ್ಲಿ ಅವನ ಜೊತೆಯವರೇ ಚುಚ್ಚಿ ಕೊಂದರು. ಸತ್ತಿದ್ದಾನೆ ಅಂತ ಚಾನೆಲ್ ಹೇಳಿತು. ಸತ್ತಿದ್ದೇನೆ ಅಂತ ನಟನೂ ಹೇಳಿದ. ನಂಬುವವರು ಯಾರು? ನಟ ಕಿಟ್ ಹ್ಯಾರಿಂಗ್‌ಟನ್ ಕೂದಲು ಕತ್ತರಿಸಿಕೊಂಡಿಲ್ಲ, ಆದ್ದರಿಂದ ಪಾತ್ರ ಬದುಕಿದೆ. ಇದು ವಾದ. ಒಬ್ಬ ಮನುಷ್ಯನ ತಲೆಗೂದಲನ್ನು ಸುಮಾರು ಹತ್ತು ತಿಂಗಳು ಜಗತ್ತು ಅಳೆಯಿತು. 2016ರ ಮೇನಲ್ಲಿ ಜಾನ್ ಸ್ನೋ ಎದ್ದು ಕೂತ. ನಟ ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿದ. ಕೂದಲು ಅಳೆದವರು ಯಾರ ಕ್ಷಮೆಯನ್ನೂ ಕೇಳಲಿಲ್ಲ. ಅವರು ಗೆದ್ದಿದ್ದರು. ಅಂದಿನಿಂದ ಕ್ಷೌರದಂಗಡಿಯೂ ವಿಮರ್ಶೆಯ ಶಾಖೆಯಾಯಿತು.

ಕೊನೆಯ ಸೀಸನ್ನಿನ ಹೊತ್ತಿಗೆ ಪಟ್ಟಿ ಹಾಕುವುದು ಗೃಹೋದ್ಯಮವಾಗಿತ್ತು. ಬೆಂಗಳೂರಿನ ಒಂದು ಕಂಪನಿಯವರು ಹಾಕಿದ್ದ ಪಟ್ಟಿಯನ್ನು ಕಣ್ಣಾರೆ ನೋಡಿದ್ದೇನೆ. ಎಕ್ಸೆಲ್ ಶೀಟು. ಎಡಗಡೆ ಹೆಸರುಗಳು. ಪಕ್ಕದಲ್ಲಿ ಮೂರು ಅಂಕಣ: ಬದುಕುತ್ತಾರೆ, ಸಾಯುತ್ತಾರೆ, ಸತ್ತು ಹೆಣವಾಗಿ ಎದ್ದು ಬರುತ್ತಾರೆ. ಸಾವು ಸರಿಯಾಗಿ ಹೇಳಿದರೆ ಒಂದು ಅಂಕ. ತಪ್ಪಿದರೆ ಒಂದು ಕಳೆ. ಸತ್ತವನು ನೀಲಿ ಕಣ್ಣು ಬಿಟ್ಟುಕೊಂಡು ಎದ್ದರೆ ಬೋನಸ್. ಸತ್ತವರಿಗೆ ಕೆಂಪು, ಬದುಕಿದವರಿಗೆ ಹಸಿರು, ಅನುಮಾನಕ್ಕೆ ಹಳದಿ. ಆ ಕಂಪನಿಯ ಯಾವ ಪ್ರಾಜೆಕ್ಟಿನ ಶೀಟೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ ಅಂತ ಅಲ್ಲಿನವರೇ ಹೇಳಿದರು.

“ಟಿರಿಯನ್‌ನ ಯಾಕೋ ಉಳಿಸಿದೀಯಾ?”

“ಸೆಂಟಿಮೆಂಟ್ ಕಣೋ.”

“ಸೆಂಟಿಮೆಂಟಿಗೆ ಪಾಯಿಂಟ್ ಇಲ್ಲ ಗುರೂ. ಕೆಂಪು ಹಾಕು.”

ಕೆಂಪು ಹಾಕಿದ. ಎಂಟು ವರ್ಷ ಪ್ರೀತಿಸಿದ ಪಾತ್ರ, ಒಂದು ಅಂಕಕ್ಕೆ ಹೋಯಿತು.

ಹಿಂದೆ ಓಸಿ ನಂಬರ್ ಬರೆಸುತ್ತಿದ್ದವರು ಬೀಡಾ ಅಂಗಡಿಯ ಹಿಂದೆ ಕದ್ದು ನಿಲ್ಲುತ್ತಿದ್ದರು. ಪೊಲೀಸರ ಹೆದರಿಕೆಯೂ ಇತ್ತು, ಹೆಂಡತಿಯ ಹೆದರಿಕೆಯೂ ಇತ್ತು. ಇವರದ್ದೂ ಅದೇ ಚೀಟಿ. ಆದರೆ ಮೇಲ್‌ನಲ್ಲಿ ಎಚ್‌ಆರ್ ಮೇಡಂಗೂ ಸಿಸಿ ಹೋಗುತ್ತದೆ. ಟೀಮ್ ಬಿಲ್ಡಿಂಗ್ ಅಂತೆ.

2019ರ ಅದೇ ಏಪ್ರಿಲ್‌ನಲ್ಲಿ ಇಲ್ಲಿ ಇನ್ನೊಂದು ಕುರ್ಚಿಯ ಕತೆಯೂ ನಡೆದಿತ್ತು. ಲೋಕಸಭಾ ಚುನಾವಣೆ. ಎಂಟನೇ ಸೀಸನ್ನಿನ ಮೊದಲ ಕಂತು ಇಲ್ಲಿ ಬಂದದ್ದು ಏಪ್ರಿಲ್ 15ರ ಸೋಮವಾರ, ಬೆಳಿಗ್ಗೆ ಆರೂವರೆಗೆ. ಬೆಂಗಳೂರಿನಲ್ಲಿ ಮತದಾನ ಏಪ್ರಿಲ್ 18ರ ಗುರುವಾರ, ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ. ಸೋಮವಾರ ಅಲಾರಂ ಇಟ್ಟು ಎದ್ದ ನಗರ ಗುರುವಾರ ಹನ್ನೊಂದು ಗಂಟೆ ಕೊಟ್ಟರೂ ಏಳಲಿಲ್ಲ. ಬೂತಿಗೆ ಹೋದವರು ಅರ್ಧಕ್ಕಿಂತ ಒಂಚೂರು ಹೆಚ್ಚು. ಧಾರಾವಾಹಿಯ ನಾಡು ವೆಸ್ಟೆರೋಸಿನ ಗದ್ದುಗೆಗೆ ಯಾರು ಯೋಗ್ಯರು ಎಂಬ ಬಗ್ಗೆ ಮಾತ್ರ ಪ್ರತಿಯೊಬ್ಬನಿಗೂ ಖಚಿತ ನಿಲುವಿತ್ತು.

ಮೇ 19ರ ಭಾನುವಾರ ಸಂಜೆ ಮತಗಟ್ಟೆ ಸಮೀಕ್ಷೆ. ಮೇ 20ರ ಸೋಮವಾರ ಬೆಳಿಗ್ಗೆ ಕೊನೆಯ ಕಂತು. ಹನ್ನೆರಡು ಗಂಟೆಯ ಅಂತರದಲ್ಲಿ ಎರಡು ಭವಿಷ್ಯ. ಟೀವಿಯಲ್ಲಿ ಕೋಟು ಹಾಕಿಕೊಂಡು ಸೀಟು ಎಣಿಸುವವರನ್ನು ನೋಡಿ ‘ಇವರೆಲ್ಲ ಬುರುಡೆ ಬಿಡ್ತಾರೆ’ ಅಂದವರೇ ತಮ್ಮ ಶೀಟು ತೆಗೆದು ಬಣ್ಣ ತಿದ್ದುತ್ತಿದ್ದರು.

ಬುರುಡೆಗೆ ವಿಜ್ಞಾನದ ಕೋಟನ್ನೂ ತೊಡಿಸಲಾಯಿತು. ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಂಪ್ಯೂಟರಿಗೆ ಪಾತ್ರಗಳ ವಯಸ್ಸು, ಮನೆತನ, ಮದುವೆ, ಬಂಧುಬಳಗ ಎಲ್ಲ ಉಣಿಸಿ ಯಾರು ಉಳಿಯುತ್ತಾರೆ ಅಂತ ಕೇಳಿದರು. ಯಂತ್ರ ಗಂಭೀರವಾಗಿ ಉತ್ತರ ಕೊಟ್ಟಿತು. ಡ್ರ್ಯಾಗನ್‌ಗಳ ತಾಯಿ ಡೆನೇರಿಸ್ ಬದುಕುಳಿಯುವ ಸಾಧ್ಯತೆ ಶೇ 99. ಕೂಲಿ ಕತ್ತಿಯ ಬ್ರಾನ್ ಸಾಯುವ ಸಾಧ್ಯತೆ ಶೇ 93ಕ್ಕೂ ಮೇಲೆ.

ಆದದ್ದೇನು? ಡೆನೇರಿಸ್‌ಗೆ ಪ್ರಿಯಕರನೇ ಮುತ್ತು ಕೊಡುತ್ತ ಚೂರಿ ಹಾಕಿದ. ಬ್ರಾನ್ ಸಾಯುವುದಿರಲಿ, ಒಂದು ಗಾಯವೂ ಇಲ್ಲದೆ ದೊಡ್ಡ ಜಹಗೀರು ಹೊಡೆದುಕೊಂಡು ಖಜಾನೆ ಮಂತ್ರಿಯಾದ. ಕೊನೆಯ ಸಭೆಯಲ್ಲಿ ಕೂತು ಸೂಳೆಗೇರಿ ಮೊದಲು ಕಟ್ಟಬೇಕು ಅಂತ ವಾದಿಸುತ್ತಿದ್ದ. ಯಂತ್ರಕ್ಕೆ ಎಲ್ಲ ಗೊತ್ತಿತ್ತು. ಕೂಲಿಗೆ ನಿಂತವನು ಸಾಯುವುದಿಲ್ಲ, ಖಾತೆ ಹಿಡಿಯುತ್ತಾನೆ ಎಂಬುದೊಂದು ಗೊತ್ತಿರಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಆ ವಿದ್ಯಾರ್ಥಿಗಳನ್ನು ಬೈಯುತ್ತಿಲ್ಲ. ಹುಡುಗರು, ಕ್ಲಾಸಿಗೆ ಪ್ರಾಜೆಕ್ಟ್ ಮಾಡಿದರು. ಅದನ್ನು ‘ವಿಜ್ಞಾನ ಹೇಳಿದೆ’ ಅಂತ ಮುಖಪುಟಕ್ಕೆ ಏರಿಸಿದ ದೊಡ್ಡವರನ್ನು ಬೈಯಬೇಕು. ಬೈಯುತ್ತಿದ್ದೇನೆ.

ಏಪ್ರಿಲ್ 28ರಂದು ಮೂರನೇ ಕಂತು. ಇಲ್ಲಿ ಅದು 29ರ ಬೆಳಿಗ್ಗೆ. ಹೆಣಗಳ ಸೈನ್ಯ ವಿಂಟರ್‌ಫೆಲ್ ಕೋಟೆಗೆ ಬಂತು. 82 ನಿಮಿಷದ ಯುದ್ಧ. ಎಲ್ಲರ ಪಟ್ಟಿಯಲ್ಲೂ ಅತಿ ಹೆಚ್ಚು ಕೆಂಪು ಬಿದ್ದಿದ್ದ ಕಂತು ಅದು. ಟಿಕ್ ಹಾಕಲು ಪೆನ್ ಹಿಡಿದು ಕೂತರು. ಪರದೆ ಕಪ್ಪು. ಏನೂ ಕಾಣುವುದಿಲ್ಲ. ಯಾರೋ ಚೀರುತ್ತಾರೆ, ಯಾರೋ ಬೀಳುತ್ತಾರೆ. ಬಿದ್ದದ್ದು ಯಾರು? ಕಿಟಕಿಗೆ ಬೆಡ್‌ಶೀಟು ಕಟ್ಟಿದರು. ಮೊಬೈಲ್ ಬ್ರೈಟ್‌ನೆಸ್ ಕೊನೆಯವರೆಗೆ ಎಳೆದರು. ಸತ್ತವನ ಮುಖ ಗುರುತು ಹಿಡಿಯಲು ಮತ್ತೆ ಹಿಂದಕ್ಕೆ ಓಡಿಸಿ ನೋಡಿದರು. ನಿಮ್ಮ ಟೀವಿ ಸರಿ ಮಾಡಿಕೊಳ್ಳಿ ಅನ್ನುವ ಧಾಟಿಯಲ್ಲಿ ಛಾಯಾಗ್ರಾಹಕರು ಸಮಜಾಯಿಷಿ ಕೊಟ್ಟರು. ಸಾವಿನ ಭವಿಷ್ಯ ಹೇಳಿದವರಿಗೆ ಸಾವೇ ಕಾಣಲಿಲ್ಲ. ಇಡೀ ಸೀಸನ್ನಿನಲ್ಲಿ ನನಗೆ ನ್ಯಾಯ ಅನ್ನಿಸಿದ್ದು ಇದೊಂದೇ.

ಬೆಳಕು ಬಿದ್ದ ಮೇಲೆ ಎಣಿಸಿದರು. ಜೋರಾ, ಥಿಯಾನ್, ಬೆರಿಕ್, ಎಡ್, ಪುಟ್ಟ ಲಿಯಾನಾ, ಮೆಲಿಸಾಂಡ್ರಾ. ಆಗ ಶುರುವಾಯಿತು ನೋಡಿ ರಾಗ. ‘ಇಷ್ಟೇನಾ?’

ಇಷ್ಟೇನಾ! ಎಂಟು ವರ್ಷ ಈ ಧಾರಾವಾಹಿಯ ಕ್ರೌರ್ಯವನ್ನು ಖಂಡಿಸಿದವರು, ‘ಮನಸ್ಸಿಗೆ ನೋವಾಗುತ್ತೆ’ ಅಂದವರು, ಹೆಣ ಕಮ್ಮಿ ಬಿತ್ತು ಅಂತ ಮುನಿಸಿಕೊಂಡರು. ಉಣಬಡಿಸಿದ ಮೇಲೆ ಮದುವೆ ಮನೆಯಲ್ಲಿ ಹೋಳಿಗೆ ಸಾಲಲಿಲ್ಲ ಅನ್ನುವವರ ಮುಖ ಅದೇ ಇರುತ್ತದೆ.

ಸರಿ, ಊಹೆಯಂತೆ ಸತ್ತರೆ ಸಂತೋಷವೇ? ಅದೂ ಇಲ್ಲ. ಊಹೆಯಂತೆ ಸತ್ತರೆ ‘ಇದು ನಮಗೆ ಮೊದಲೇ ಗೊತ್ತಿತ್ತು, ಬರವಣಿಗೆಯಲ್ಲಿ ಸತ್ವ ಇಲ್ಲ’. ಊಹೆ ಮೀರಿ ಸತ್ತರೆ ‘ಇದು ಮೋಸ, ಬರವಣಿಗೆಯಲ್ಲಿ ತರ್ಕ ಇಲ್ಲ’. ಸಾಯದಿದ್ದರೆ ‘ಕೊಲ್ಲಲು ಧೈರ್ಯ ಇಲ್ಲ’. ಬರೆಯುವವನು ಯಾವ ಬಾಗಿಲಿನಿಂದ ಬಂದರೂ ಪೊರಕೆ ಸಿದ್ಧ. ನಾಳೆ ಏನಾಗುತ್ತದೆ ಅಂತ ನನಗೆ ಆಶ್ಚರ್ಯವಾಗಬೇಕು, ಆದರೆ ನಾನು ಹೇಳಿದ ಹಾಗೆಯೇ ಆಗಬೇಕು. ಈ ಎರಡನ್ನೂ ಒಟ್ಟಿಗೆ ಕೊಡಬಲ್ಲ ಲೇಖಕ ಇನ್ನೂ ಹುಟ್ಟಿಲ್ಲ.

ಸೆರ್ಸೀ ರಾಣಿಯ ಸಾವನ್ನೇ ತಗೊಳ್ಳಿ. ಮೂಲ ಪುಸ್ತಕದಲ್ಲಿ ಒಬ್ಬ ಕಣಿ ಹೇಳುವವಳು ಬರುತ್ತಾಳೆ. ನಿನ್ನ ಕುತ್ತಿಗೆ ಹಿಸುಕುವವನು ‘ಚಿಕ್ಕ ತಮ್ಮ’ ಅನ್ನುತ್ತಾಳೆ. ಟೀವಿಯವರು ಆ ಸಾಲನ್ನೇ ಕೈಬಿಟ್ಟಿದ್ದರು. ಪರವಾಗಿಲ್ಲ, ನಮ್ಮವರು ಬಿಡಲಿಲ್ಲ. ಅವಳಿಜವಳಿ ಜೇಮಿ ಎಷ್ಟು ಹೊತ್ತು ತಡವಾಗಿ ಹುಟ್ಟಿದ, ಹಾಗಾದರೆ ಅವನು ಚಿಕ್ಕವನಾದನೋ ಇಲ್ಲವೋ, ಚಿನ್ನದ ಕೈಯಲ್ಲಿ ಕುತ್ತಿಗೆ ಹಿಸುಕಲು ಬರುತ್ತದೋ ಇಲ್ಲವೋ. ಶಂಕರಾಚಾರ್ಯರ ಭಾಷ್ಯಕ್ಕೂ ಇಷ್ಟು ಟೀಕೆ ಹುಟ್ಟಿರಲಾರದು. ಐದನೇ ಕಂತಿನಲ್ಲಿ ಸೆರ್ಸೀ ಮತ್ತು ಜೇಮಿ ತಬ್ಬಿಕೊಂಡು ನಿಂತರು. ಮೇಲಿಂದ ಅರಮನೆ ಕುಸಿಯಿತು. ಇಟ್ಟಿಗೆ ಬಿದ್ದು ಸತ್ತರು.

ಇಟ್ಟಿಗೆ. ಯಾರ ಪಟ್ಟಿಯಲ್ಲಿ ಇಟ್ಟಿಗೆ ಇತ್ತು, ಕೈ ಎತ್ತಿ.

ಕಾಫಿ ಲೋಟವೂ ಇರಲಿಲ್ಲ. ನಾಲ್ಕನೇ ಕಂತಿನ ಔತಣದ ಮೇಜಿನ ಮೇಲೆ ಯಾರೋ ಮರೆತು ಬಿಟ್ಟಿದ್ದ ಕಾಗದದ ಕಾಫಿ ಲೋಟ ಹಾಗೆಯೇ ಪ್ರಸಾರವಾಯಿತು. ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರು. ಕೂದಲಿನ ಉದ್ದ ಅಳೆದು ಕತೆ ಹೇಳುವ ಸೂಕ್ಷ್ಮದರ್ಶಿಗಳ ಕಾಲದಲ್ಲಿ, ಕಂತನ್ನು ತಯಾರಿಸಿದ ಒಬ್ಬರ ಕಣ್ಣಿಗೂ ಆ ಲೋಟ ಬಿದ್ದಿರಲಿಲ್ಲ.

ಈಗ ನನ್ನ ಮೈ ಉರಿಸುವ ಸಂಗತಿಗೆ ಬರುತ್ತೇನೆ. ಅದೇ ಐದನೇ ಕಂತಿನಲ್ಲಿ ರಾಜಧಾನಿ ಶರಣಾಗುತ್ತದೆ. ಶರಣಾಗತಿಯ ಗಂಟೆ ಬಾರಿಸುತ್ತದೆ. ಆಮೇಲೂ ಡೆನೇರಿಸ್ ಊರಿಗೆ ಬೆಂಕಿ ಹಾಕುತ್ತಾಳೆ. ಬೀದಿ ಬೀದಿ ಸುಡುತ್ತದೆ. ತಾಯಿ ಮಗುವನ್ನು ತಬ್ಬಿಕೊಂಡ ಹಾಗೆಯೇ ಕರಕಲಾಗುತ್ತಾಳೆ. ಎಂಟು ಸೀಸನ್ನಿನಲ್ಲಿ ಒಟ್ಟು ಸತ್ತವರಿಗಿಂತ ಆ ಒಂದು ಮಧ್ಯಾಹ್ನ ಹೆಚ್ಚು ಜನ ಸತ್ತರೇನೋ.

ಯಾವ ಶೀಟಿನಲ್ಲೂ ಅವರಿಗೊಂದು ಸಾಲಿರಲಿಲ್ಲ. ಹೆಸರಿಲ್ಲ, ಮನೆತನವಿಲ್ಲ, ಆದ್ದರಿಂದ ಅಂಕವಿಲ್ಲ. ಪಟ್ಟಿಯಲ್ಲಿ ತೋಳ ಇತ್ತು. ಹೌದು, ಜಾನ್ ಸ್ನೋನ ಬಿಳಿ ತೋಳ ಘೋಸ್ಟ್. ಅದು ಬದುಕುತ್ತೋ ಸಾಯುತ್ತೋ ಅಂತ ಬಾಜಿ ಕಟ್ಟಿದ್ದರು. ಅದು ಬದುಕಿತು. ಆದರೆ ಹೊರಡುವಾಗ ಜಾನ್ ಅದರ ತಲೆ ಸವರಲಿಲ್ಲ ಅಂತ ಜಗತ್ತಿನಾದ್ಯಂತ ಕಣ್ಣೀರು, ಆಕ್ರೋಶ, ಲೇಖನ. ಸುಟ್ಟ ಊರಿಗಾಗಿಯೂ ಸಿಟ್ಟು ಬಂತು, ಸುಳ್ಳು ಹೇಳಬಾರದು. ಆದರೆ ಆ ಸಿಟ್ಟು ಸತ್ತವರಿಗಾಗಿ ಅಲ್ಲ. ‘ನಮ್ಮ ಡೆನೇರಿಸ್‌ಗೆ ಕೆಟ್ಟ ಹೆಸರು ತಂದರು’ ಎಂಬುದಕ್ಕೆ.

ನಮ್ಮ ಡೆನೇರಿಸ್! ಅಮೆರಿಕದಲ್ಲಿ ನೂರಾರು ಹೆಣ್ಣುಮಕ್ಕಳಿಗೆ ಅವಳ ಬಿರುದಾದ ‘ಖಲೀಸಿ’ ಎಂದೇ ನಾಮಕರಣ ಮಾಡಿಬಿಟ್ಟಿದ್ದರು. ಸೆನೆಟರ್ ಎಲಿಜಬೆತ್ ವಾರೆನ್ ಆ ಏಪ್ರಿಲ್‌ನಲ್ಲೇ ಡೆನೇರಿಸ್‌ಳನ್ನು ಹೊಗಳಿ ಲೇಖನ ಬರೆದಿದ್ದರು. ಅಧ್ಯಕ್ಷ ಚುನಾವಣೆಯ ಆಕಾಂಕ್ಷಿ ಬೇರೆ. ತಿಂಗಳು ತುಂಬುವುದರೊಳಗೆ ಡೆನೇರಿಸ್ ರಾಜಧಾನಿ ಸುಟ್ಟಳು. ಮಗುವಿಗೆ ಹೆಸರಿಡುವ ಮುಂಚೆ ಕತೆ ಮುಗಿಯಲಿ ಅಂತ ಕಾಯುವ ವ್ಯವಧಾನವೂ ಇಲ್ಲದವರು ಕತೆಯ ಕೊನೆಯನ್ನು ಊಹಿಸಲು ಹೊರಟಿದ್ದರು.

ಸಿಟ್ಟಿಗೆ ಸಹಿ ಸಂಗ್ರಹವೂ ಆಯಿತು. ಎಂಟನೇ ಸೀಸನ್ನನ್ನು ‘ಸಮರ್ಥ ಬರಹಗಾರರಿಂದ’ ಮತ್ತೆ ಮಾಡಿಸಿ ಅನ್ನುವ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಇಷ್ಟು ಸಿಟ್ಟಾದವರು ಕೊನೆಯ ಕಂತನ್ನು ಬಹಿಷ್ಕರಿಸಿದರೇ? ಅಮೆರಿಕದಲ್ಲಿ ಆ ರಾತ್ರಿ ನೋಡಿದವರು 1 ಕೋಟಿ 93 ಲಕ್ಷ. ಎಚ್‌ಬಿಒಗೆ ದಾಖಲೆ. ಸೆಪ್ಟೆಂಬರ್‌ನಲ್ಲಿ ಅದೇ ಸೀಸನ್ನಿಗೆ ಅತ್ಯುತ್ತಮ ಧಾರಾವಾಹಿಯ ಎಮ್ಮಿ ಪ್ರಶಸ್ತಿ. ಬೈದವರೂ ನೋಡಿದರು, ನೋಡಿದವರೂ ಬೈದರು. ಚಾನೆಲ್‌ನವರು ಎರಡೂ ಕಡೆಯಿಂದ ಎಣಿಸಿಕೊಂಡರು.

ಅವರೇನು ಸಾಚಾಗಳೇ? ಸಾವಿನ ಕುತೂಹಲವನ್ನು ಬಿಸ್ಕತ್ತಿಗೂ ಅಂಟಿಸಿ ಮಾರಿದವರು. ಮನೆತನಗಳ ಲಾಂಛನ ಒತ್ತಿದ ಓರಿಯೊ ಬಂತು. ಬಿಯರ್ ಜಾಹೀರಾತಿನಲ್ಲಿ ಡ್ರ್ಯಾಗನ್ ಬಂದು ಬೆಂಕಿ ಉಗುಳಿತು. ಅಮೆರಿಕದ ರೆಡ್ ಕ್ರಾಸ್ ಜೊತೆ ಸೇರಿ ‘ಸಿಂಹಾಸನಕ್ಕಾಗಿ ರಕ್ತ ಸುರಿಸಿ’ ಅಂತ ರಕ್ತದಾನ ಶಿಬಿರವೂ ಆಯಿತು. ಪಕ್ಕದ ಮನೆಯವನಿಗೆ ರಕ್ತ ಬೇಕು ಅಂದಾಗ ನೆಗಡಿ ಬರುವವರು ಸಿಂಹಾಸನಕ್ಕಾಗಿ ತೋಳು ಮಡಿಸಿದರು. ರಕ್ತ ಸಿಕ್ಕಿತಲ್ಲ, ಸರಿ, ಆ ಒಂದಕ್ಕೆ ಮಾಫಿ.

ಈ ಸಾವಿನ ಪಂಚಾಂಗ ಟೀವಿಯವರು ಹುಟ್ಟಿಸಿದ ರೋಗವೂ ಅಲ್ಲ. ಹ್ಯಾರಿ ಪಾಟರ್ ಕಾಲದಲ್ಲೇ ಬಾಜಿ ಕಂಪನಿಗಳು ಅಂಗಡಿ ತೆರೆದಿದ್ದವು. 2005ರಲ್ಲಿ ಆರನೇ ಪುಸ್ತಕ ಬರುವ ಮುಂಚೆ ಯಾವ ಪಾತ್ರ ಸಾಯುತ್ತದೆ ಅಂತ ಬ್ರಿಟನ್ನಿನಲ್ಲಿ ಬೆಟ್ಟಿಂಗ್. ಇದ್ದಕ್ಕಿದ್ದಂತೆ ಸಫೋಕ್ ಸೀಮೆಯ ಬಂಗೆ ಎಂಬ ಪುಟ್ಟ ಊರಿನಿಂದ ಒಂದರ ಹಿಂದೆ ಒಂದು ಬಾಜಿ, ಎಲ್ಲ ಡಂಬಲ್‌ಡೋರ್ ಹೆಸರಿಗೆ. ಆ ಊರಿನ ವಿಶೇಷ ಏನು? ದೊಡ್ಡ ಅಚ್ಚುಕೂಟ. ಪುಸ್ತಕ ಅಲ್ಲೇ ಅಚ್ಚಾಗುತ್ತಿತ್ತು ಎಂಬ ಗುಮಾನಿ. ಬಾಜಿ ನಿಲ್ಲಿಸಿದರು. ಜುಲೈನಲ್ಲಿ ಪುಸ್ತಕ ಬಂತು. ಡಂಬಲ್‌ಡೋರ್ ಸತ್ತ.

ಇಡೀ ಭವಿಷ್ಯ ಶಾಸ್ತ್ರದಲ್ಲಿ ನಾನು ಗೌರವಿಸುವುದು ಆ ಬಂಗೆಯವರನ್ನು ಮಾತ್ರ. ಕಣಿ ಇಲ್ಲ, ಭಾಷ್ಯ ಇಲ್ಲ, ಕೂದಲು ಅಳೆಯುವುದಿಲ್ಲ. ನೋಡಿ ಹೇಳಿದರು. ಗೇಮ್ ಆಫ್ ಥ್ರೋನ್ಸ್‌ನ ಕೊನೆಯ ಕಂತಿಗೆ ಮುಂಚೆಯೂ ಬಾಜಿ ಮಾರುಕಟ್ಟೆಯಲ್ಲಿ ಮುಂದಿದ್ದದ್ದು ಬ್ರ್ಯಾನ್ ಸ್ಟಾರ್ಕ್ ಹೆಸರು. ಗಾಡಿ ಕುರ್ಚಿಯಲ್ಲಿ ಕೂತು ಗೋಡೆ ನೋಡುವ ಹುಡುಗ ರಾಜನಾಗುತ್ತಾನೆ ಅಂತ ವಿಮರ್ಶಕರಿಗೆ ಹೊಳೆಯಲಿಲ್ಲ, ದುಡ್ಡಿಗೆ ಹೊಳೆಯಿತು. ಸೋರಿಕೆಯಾಗಿರಬೇಕು ಅಂತ ಗೊಣಗಿದರು. ದುಡ್ಡು ಯಾವಾಗ ಸಾಹಿತ್ಯದ ಕಡೆಯಿಂದ ಬಂದಿದೆ, ಅಡುಗೆಮನೆಯ ಹಿಂಬಾಗಿಲಿನಿಂದಲೇ ಬರುವುದು.

ಹ್ಯಾರಿ ಪಾಟರ್‌ನ ಕೊನೆಯ ಪುಸ್ತಕ 2007ರ ಜುಲೈ 21ರಂದು ಬಂತು. ಅದಕ್ಕೆ ಒಂದು ವರ್ಷ ಮುಂಚೆ, ನ್ಯೂಯಾರ್ಕಿನ ಒಂದು ಪತ್ರಿಕಾಗೋಷ್ಠಿಯಲ್ಲಿ ಜಾನ್ ಇರ್ವಿಂಗ್ ಮತ್ತು ಸ್ಟೀಫನ್ ಕಿಂಗ್ ಎಂಬ ಇಬ್ಬರು ಘಟಾನುಘಟಿ ಕಾದಂಬರಿಕಾರರು ಪಕ್ಕದಲ್ಲಿ ಕೂತಿದ್ದ ಜೆ.ಕೆ. ರೌಲಿಂಗ್‌ಗೆ ಹ್ಯಾರಿಯನ್ನು ಕೊಲ್ಲಬೇಡಮ್ಮಾ ಅಂತ ವಿನಂತಿಸಿದರು. ಕೇಳುತ್ತಿರುವುದು ಯಾರು? ಕಿಂಗ್. ಪುಸ್ತಕಕ್ಕೊಂದು ಊರನ್ನೇ ಸ್ಮಶಾನ ಮಾಡುವ ಕಿಂಗ್. ‘ಮಿಸರಿ’ ಬರೆದ ಕಿಂಗ್. ಮೆಚ್ಚಿನ ಪಾತ್ರವನ್ನು ಕೊಂದದ್ದಕ್ಕೆ ಅಭಿಮಾನಿಯೊಬ್ಬಳು ಲೇಖಕನನ್ನು ಮನೆಯಲ್ಲಿ ಕೂಡಿಹಾಕಿ, ಪಾದ ಕಡಿದು, ಮತ್ತೆ ಬದುಕಿಸಿ ಬರೆ ಅನ್ನುವ ಕಾದಂಬರಿ ಅದು. ಇಪ್ಪತ್ತು ವರ್ಷ ಹಿಂದೆ ತಾವೇ ಬರೆದ ಹುಚ್ಚಿಯ ಪಾತ್ರವನ್ನು ಮಹಾಶಯರು ವೇದಿಕೆ ಮೇಲೆ ತಾವೇ ಅಭಿನಯಿಸಿದರು.

ನಾವೂ ಕಮ್ಮಿಯಿಲ್ಲ. ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಅಂತ 2015ರ ಜುಲೈಯಿಂದ 2017ರ ಏಪ್ರಿಲ್‌ವರೆಗೆ ಈ ದೇಶ ತಲೆ ಕೆರೆದುಕೊಂಡಿತು. ಉತ್ತರ ಬರುವ ಹೊತ್ತಿಗೆ ಕರ್ನಾಟಕದಲ್ಲಿ ಬೇರೆಯೇ ಪ್ರಶ್ನೆ ಎದ್ದಿತ್ತು. ಕಟ್ಟಪ್ಪನಾಗಿ ನಟಿಸಿದ್ದ ಸತ್ಯರಾಜ್ ಒಂಬತ್ತು ವರ್ಷ ಹಿಂದೆ ಕಾವೇರಿ ವಿಷಯದಲ್ಲಿ ಆಡಿದ್ದ ಮಾತಿಗೆ ಚಿತ್ರ ಬಿಡುಗಡೆ ಮಾಡಲು ಬಿಡುವುದಿಲ್ಲ ಅಂತ ಬೆದರಿಕೆ. ಅವರು ವಿಷಾದ ವ್ಯಕ್ತಪಡಿಸಿದರು. ಚಿತ್ರ ಬಂತು. ಕಟ್ಟಪ್ಪ ಕೊಂದದ್ದು ರಾಜಮಾತೆ ಹೇಳಿದಳು ಅಂತ. ಅಷ್ಟೇ. ಮೇಲಿನವರು ಹೇಳಿದರು, ಮಾಡಿದೆ. ಯಾವುದೇ ಸರ್ಕಾರಿ ಕಚೇರಿಯ ಗುಮಾಸ್ತರು ಎರಡು ವರ್ಷ ಮುಂಚೆಯೇ ಹೇಳಿಬಿಡುತ್ತಿದ್ದರು.

ಇಷ್ಟರವರೆಗೆ ನಗಬಹುದು. ಇನ್ನು ಮುಂದೆ ಕಷ್ಟ.

2019ರ ಮಾರ್ಚ್‌ನಲ್ಲಿ, ಕೊನೆಯ ಸೀಸನ್ನಿಗೆ ತಿಂಗಳಿರುವಾಗ, ಡೆನೇರಿಸ್ ಪಾತ್ರದ ಎಮಿಲಿಯಾ ಕ್ಲಾರ್ಕ್ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಮೊದಲ ಸೀಸನ್ನಿನ ಚಿತ್ರೀಕರಣ ಮುಗಿದ ಮೇಲೆ, 2011ರಲ್ಲಿ, ಅವರ ಮೆದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ವಯಸ್ಸು ಇಪ್ಪತ್ತನಾಲ್ಕು. ಸ್ವಲ್ಪ ಕಾಲ ಸ್ವಂತ ಹೆಸರೂ ಬಾಯಿಗೆ ಬರಲಿಲ್ಲ. 2013ರಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆ, ತಲೆಬುರುಡೆ ತೆರೆದು. ನಾವು ಸೋಫಾದಲ್ಲಿ ಕೂತು ಡೆನೇರಿಸ್ ಸಾಯ್ತಾಳಾ ಬದುಕ್ತಾಳಾ ಅನ್ನುತ್ತಿದ್ದ ವರ್ಷಗಳಲ್ಲಿ, ಅವಳಾಗಿ ನಟಿಸುತ್ತಿದ್ದವಳು ಅದೇ ಪ್ರಶ್ನೆಯನ್ನು ಆಸ್ಪತ್ರೆಯ ಮಂಚದಲ್ಲಿ ಕೇಳಿಕೊಂಡಿದ್ದಳು. ಲೇಖನ ಓದಿದರು. ಎಲ್ಲರೂ ಅಯ್ಯೋ ಪಾಪ ಅಂದರು. ಅಂದು ಶೀಟಿಗೆ ವಾಪಸಾದರು.

ಪಟ್ಟಿ ಅಲ್ಲಿಗೂ ನಿಲ್ಲಲಿಲ್ಲ. ಪಾತ್ರಗಳು ಮುಗಿದ ಮೇಲೆ ಬರೆದವನ ಸರದಿ.

ಮೂಲ ಕಾದಂಬರಿಗಳ ಲೇಖಕ ಜಾರ್ಜ್ ಆರ್.ಆರ್. ಮಾರ್ಟಿನ್ ಹುಟ್ಟಿದ್ದು 1948ರಲ್ಲಿ. ಐದು ಸಂಪುಟ ಬರೆದಿದ್ದಾರೆ. ಐದನೆಯದು ಬಂದದ್ದು 2011ರಲ್ಲಿ. ಆರನೆಯದು, ‘ದಿ ವಿಂಡ್ಸ್ ಆಫ್ ವಿಂಟರ್’, ಇನ್ನೂ ಬರಬೇಕು. ಅಭಿಮಾನಿಗಳು ಏನು ಮಾಡಿದರು? ಆ ಮುದುಕನ ವಯಸ್ಸು, ತೂಕ, ಬರೆಯುವ ವೇಗ ಮೂರನ್ನೂ ಭಾಗಾಕಾರ ಮಾಡಿದರು. ಪುಸ್ತಕ ಮೊದಲೋ, ಪುಣ್ಯಾತ್ಮ ಮೊದಲೋ. 2014ರಲ್ಲಿ ಸ್ವಿಟ್ಜರ್ಲೆಂಡಿನ ಪತ್ರಿಕೆಯೊಂದು ಇದನ್ನೇ ಕೇಳಿದಾಗ ಮಾರ್ಟಿನ್ ಕ್ಯಾಮೆರಾಕ್ಕೆ ಮಧ್ಯದ ಬೆರಳು ತೋರಿಸಿದರು. ಜೊತೆಗೆ ಆಡಿದ ಮಾತನ್ನು ಇಲ್ಲಿ ಅಚ್ಚು ಮಾಡಲು ಬರುವುದಿಲ್ಲ. ಅವರು ಬರೆದ ಸಾಲುಗಳಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಅದೇ.

ಅರ್ಥವಾಯಿತೇ ಜನಕ್ಕೆ? 2025ರ ಆಗಸ್ಟ್‌ನಲ್ಲಿ ಸಿಯಾಟಲ್‌ನ ವರ್ಲ್ಡ್‌ಕಾನ್ ಸಮ್ಮೇಳನದ ವೇದಿಕೆಯಲ್ಲಿ ಮಾರ್ಟಿನ್ ಕೂತಿದ್ದರು. ಸಭಿಕರಲ್ಲೊಬ್ಬರು ಎದ್ದು, ನೀವು ಇನ್ನು ಹೆಚ್ಚು ಕಾಲ ಇರುವುದಿಲ್ಲ, ಉಳಿದದ್ದನ್ನು ಬೇರೆಯವರು ಬರೆದರೆ ಹೇಗೆ ಅನ್ನುವ ಅರ್ಥದಲ್ಲಿ ಕೇಳಿದರು. ಎದುರಿಗೇ. ಮೈಕು ಹಿಡಿದು. ಮಿಕ್ಕ ಸಭಿಕರು ಕೂಗಿ ಛೀಮಾರಿ ಹಾಕಿದರು ಅನ್ನಿ. ಆದರೆ ಆ ಛೀಮಾರಿ ಹಾಕಿದವರಲ್ಲಿ ಎಷ್ಟು ಜನ ಮನೆಯಲ್ಲಿ ಅದೇ ಲೆಕ್ಕ ಹಾಕಿರಲಿಲ್ಲ ಅಂತ ಕೇಳುವ ಹಾಗಿಲ್ಲ.

ಸಾಯುವವರು ಯಾರು ಅಂತ ಮೊದಲೇ ಗೊತ್ತಿದ್ದರೆ ರುಚಿ ಕೆಡುತ್ತದೆ ಎಂಬ ವಾದವನ್ನೂ ಕೇಳಿ ಕೇಳಿ ಸಾಕಾಗಿದೆ. ಕರಾವಳಿಯ ಬಯಲಿನಲ್ಲಿ ರಾತ್ರಿಯಿಡೀ ‘ಕರ್ಣಾರ್ಜುನ ಕಾಳಗ’ ಆಟ ನಡೆಯುತ್ತದೆ. ಕರ್ಣ ಸಾಯುತ್ತಾನೆ ಅಂತ ಚರುಮುರಿ ಮಾರುವ ಹುಡುಗನಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಜನ ಕೂತಿರುತ್ತಾರೆ. ಇವತ್ತಿನ ಕರ್ಣ ಹೇಗೆ ಮಾತಾಡಿದ, ಶಲ್ಯನಿಗೆ ಏನು ಉತ್ತರ ಕೊಟ್ಟ ಎಂಬುದರ ಮೇಲೆ ಮಾರನೇ ದಿನ ಜಗಳವಾಗುತ್ತದೆ. ಹೆಣದ ಲೆಕ್ಕಕ್ಕಲ್ಲ. ಇದನ್ನು ಹೇಳಿ ಬೆನ್ನು ತಟ್ಟಿಕೊಳ್ಳಬೇಕಾಗಿಯೂ ಇಲ್ಲ. ಅದೇ ಜನ ಸಂಜೆ ಟೀವಿ ಧಾರಾವಾಹಿಯಲ್ಲಿ ಸುಟ್ಟುಹೋದ ಸೊಸೆ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ಬೇರೆ ನಟಿಯಾಗಿ ಬಂದಾಗ ಚಪ್ಪಾಳೆಯನ್ನೂ ತಟ್ಟುತ್ತಾರೆ.

ಈಗ ಹೊಸ ಪಟ್ಟಿಗಳು ಓಡಾಡುತ್ತಿವೆ. ‘ಹೌಸ್ ಆಫ್ ದಿ ಡ್ರ್ಯಾಗನ್’, 2022ರಿಂದ ಬರುತ್ತಿರುವ ಅದೇ ಲೋಕದ ಇನ್ನೊಂದು ಧಾರಾವಾಹಿ. ಈ ಸಲ ಯಾರು, ಯಾವ ಕಂತಿನಲ್ಲಿ, ಯಾವ ಡ್ರ್ಯಾಗನ್ ಬಾಯಲ್ಲಿ. ಮೊನ್ನೆ ಒಬ್ಬರು ನನ್ನ ಅಭಿಪ್ರಾಯವನ್ನೂ ಕೇಳಿದರು. ಸ್ವಾಮಿ, ಅದು ಮಾರ್ಟಿನ್ ಅವರ ‘ಫೈರ್ ಆ್ಯಂಡ್ ಬ್ಲಡ್’ ಪುಸ್ತಕದ ಕತೆ. 2018ರಲ್ಲೇ ಅಚ್ಚಾಗಿದೆ. ಯಾರು ಸಾಯುತ್ತಾರೆ, ಹೇಗೆ ಸಾಯುತ್ತಾರೆ, ಯಾರು ಕೊಲ್ಲುತ್ತಾರೆ, ಎಲ್ಲ ಅದರಲ್ಲಿದೆ. ಅಂಗಡಿಯಲ್ಲಿ ಸಿಗುತ್ತದೆ. ಹೋಗಿ ಕೊಂಡು ಓದಿ. ನನ್ನ ತಲೆ ತಿನ್ನಬೇಡಿ.